ಸಂಜೆ ಕಾಲೇಜಿಗೆ ಬರುವ ದೊಡ್ಡವರಿಗೆ ಇಂಗ್ಲಿಷ್ ಗ್ರಾಮರ್: ಕ್ಲಾಸಿನಲ್ಲಿ ಯಾವ ನಿಯಮ ಇರಬೇಕು?

ನಿಟ್ಟುವಳ್ಳಿ ಮೇಡಂ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಈ ವರ್ಷ ಕಾಲೇಜಿನಲ್ಲಿ ಕೆಲಸಕ್ಕೆ ಹೋಗುವವರಿಗಾಗಿ ಸಂಜೆ ಒಂದು ಗ್ರಾಮರ್ ಬ್ಯಾಚ್ ಶುರು ಮಾಡಿದ್ದಾರೆ. ಆರರಿಂದ ಏಳೂವರೆ. ಬರುವವರೆಲ್ಲ ದೊಡ್ಡವರು. ಎಪಿಎಂಸಿಯಲ್ಲಿ ಲೆಕ್ಕ ಬರೆಯುವವರು, ನರ್ಸ್‌ಗಳು, ಅಂಗನವಾಡಿ ಟೀಚರ್‌ಗಳು, ಪೊಲೀಸರು ಇದ್ದಾರೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ತಾವೂ ಡಿಗ್ರಿ ಮುಗಿಸಬೇಕು ಅಂತ ಬಂದ ತಾಯಂದಿರೂ ಇದ್ದಾರೆ.

ಹಗಲು ಕಾಲೇಜಿನ ಮಕ್ಕಳಿಗೆ ಇರುವ ನಿಯಮಗಳ ಹಾಳೆಯನ್ನೇ ಇವರಿಗೂ ಓದಿ ಹೇಳಿ ಅಂತ ಮೇಲಿನವರು ಕೊಟ್ಟಿದ್ದಾರೆ. ಹತ್ತು ನಿಮಿಷ ತಡವಾದರೆ ಒಳಗೆ ಬಿಡಬಾರದು. ಮೊಬೈಲ್ ಸ್ವಿಚ್ ಆಫ್. ಕ್ಲಾಸಿನಲ್ಲಿ ಕನ್ನಡ ಮಾತಾಡಬಾರದು. ಹೋಂವರ್ಕ್ ಮಾಡದವರು ಎದ್ದು ನಿಲ್ಲಬೇಕು. ಹಾಜರಿ ಶೇ 75 ಕಡ್ಡಾಯ.

ಐವತ್ತರ ಹತ್ತಿರದ ಹೆಂಗಸನ್ನು ಎದ್ದು ನಿಲ್ಲಿಸುವುದು ನನ್ನ ಕೈಲಿ ಆಗುವುದಿಲ್ಲ. ಹಾಗಂತ ಯಾವ ನಿಯಮವೂ ಇಲ್ಲದ ಕ್ಲಾಸೂ ನನಗೆ ಬೇಡ. "ಪಾಪ, ಕೆಲಸ ಮುಗಿಸಿ ಬರುತ್ತಾರೆ" ಅಂತ ಎಲ್ಲ ಬಿಟ್ಟುಕೊಟ್ಟರೆ ವರ್ಷದ ಕೊನೆಗೆ ಅವರಿಗೆ ಒಂದು ಅರ್ಜಿಯೂ ಬರೆಯಲು ಬರುವುದಿಲ್ಲ. ನೀವು ಈ ಕಡೆಯವರಾಗಿರಲಿ, ಆ ಕಡೆಯವರಾಗಿರಲಿ, ಏನಿಡಬೇಕು ಏನು ಬಿಡಬೇಕು ಅಂತ ಬಿಚ್ಚಿ ಹೇಳಿ.

ಕೋಟೆನಾಡು:
ನಿಯಮ ಅಂದರೆ ನಿಯಮ ಮೇಡಂ. ವಯಸ್ಸು ನೋಡಿ ಬದಲಾಯಿಸಿದರೆ ನಾಳೆ ಹಗಲು ಕಾಲೇಜಿನ ಹುಡುಗರೂ ಕೇಳುತ್ತಾರೆ.

ಅಮ್ಮನೂ ಓದುತ್ತಾಳೆ:
ಕೋಟೆನಾಡು ಅವರೇ, ನೀವು ಮದುವೆ ಆಗಿ, ಎರಡು ಮಕ್ಕಳಾಗಿ, ಆಮೇಲೆ ಬೆಂಚಿನ ಮೇಲೆ ಕೂತಿದ್ದೀರಾ? ನಾನು ಕೂತಿದ್ದೇನೆ. ಇಲ್ಲೇ ದಾವಣಗೆರೆಯಲ್ಲಿ. ಮನೆಯಲ್ಲಿ ಅಡಿಗೆ ಮುಗಿಸಿ, ಅತ್ತೆಗೆ ಮಾತ್ರೆ ಕೊಟ್ಟು, "ಈ ವಯಸ್ಸಲ್ಲಿ ಕಾಲೇಜಾ" ಅನ್ನುವ ಮಾತು ಕೇಳಿಸಿಕೊಂಡು ಬಂದಿರುತ್ತೇವೆ. ಅಲ್ಲಿ ಬಂದು ಹೋಂವರ್ಕ್ ಇಲ್ಲ ಅಂತ ನಿಂತರೆ ಮಾರನೇ ದಿನ ಬರುವ ಮನಸ್ಸೇ ಇರುವುದಿಲ್ಲ. ನನ್ನ ಜೊತೆ ಸೇರಿದ ಒಬ್ಬರು ಹಾಗೇ ಬಿಟ್ಟರು. ಜಾಣೆ ಆಕೆ. ಇಂಗ್ಲಿಷ್ ಕಷ್ಟ ಆಯಿತು ಅಂತ ಬಿಡಲಿಲ್ಲ, ನಾಲ್ಕು ಜನರ ಮುಂದೆ ನಿಲ್ಲಬೇಕಾಯಿತಲ್ಲ ಅಂತ ಬಿಟ್ಟರು.

ಕೋಟೆನಾಡು:
ಅಕ್ಕ, ನಿಲ್ಲಿಸುವುದು ತಪ್ಪು, ಒಪ್ಪಿದೆ. ಆದರೆ ಹೋಂವರ್ಕ್ ಮಾಡದವರನ್ನು ಏನು ಮಾಡಬೇಕು? ಸುಮ್ನೆ ಬಿಡುವುದಾ?

ಮಂಡಿಪೇಟೆ ಗುಮಾಸ್ತ:
ನಾನು ಇಂಥದ್ದೇ ಒಂದು ಸಂಜೆ ಕ್ಲಾಸಿನ ವಿದ್ಯಾರ್ಥಿ. ತಡವಾಗಿ ಬರುವ ವಿಚಾರ ಹೇಳುತ್ತೇನೆ. ಅಕ್ಟೋಬರಿನಿಂದ ಮೆಕ್ಕೆಜೋಳ ಮಾರುಕಟ್ಟೆಗೆ ಬರುತ್ತದೆ. ಆಗ ಡಿಸೆಂಬರಿನವರೆಗೂ ನಮಗೆ ಆರು ಗಂಟೆ ಅನ್ನುವುದೇ ಇಲ್ಲ. ಕೊನೇ ಲಾರಿ ತೂಕ ಆಗಿ, ರೈತರಿಗೆ ಪಟ್ಟಿ ಬರೆದುಕೊಟ್ಟು ಕಾಲೇಜು ಮುಟ್ಟುವಾಗ ಆರೂಕಾಲು. ಬಾಗಿಲು ಹಾಕಿಬಿಟ್ಟರೆ ಆ ಮೂರು ತಿಂಗಳು ಕಾಲೇಜೇ ಇಲ್ಲ. ಮೊದಲ ಹದಿನೈದು ನಿಮಿಷ ಹಿಂದಿನ ದಿನದ ಪಾಠ ಬರೆಯುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ತಡವಾದವರು ಸದ್ದಿಲ್ಲದೆ ಹಿಂದಿನ ಬಾಗಿಲಿಂದ ಬಂದು ಕೂರಲಿ. ಹೊಸ ಪಾಠ ಆರೂಕಾಲರ ಮೇಲೆ ಶುರುವಾಗಲಿ.

ಬಿಎಡ್ ಬಸಣ್ಣ:
ಬಿಎಡ್‌ನಲ್ಲಿ ನಾವು ಇದನ್ನೇ ಓದುತ್ತಿದ್ದೇವೆ. ಅಮೆರಿಕದ ಮಾಲ್ಕಮ್ ನೋಲ್ಸ್ ಅನ್ನುವ ಶಿಕ್ಷಣ ತಜ್ಞರು 1960-70ರ ದಶಕದಲ್ಲಿ ದೊಡ್ಡವರ ಕಲಿಕೆ ಬಗ್ಗೆ ತುಂಬಾ ಬರೆದರು. ದೊಡ್ಡವರಿಗೆ "ಇದನ್ನು ಯಾಕೆ ಕಲಿಯಬೇಕು" ಅಂತ ಮೊದಲು ಗೊತ್ತಾಗಬೇಕು. ಅವರ ಅನುಭವವನ್ನು ಪಾಠದಲ್ಲಿ ಬಳಸಬೇಕು. ತಮ್ಮ ಕಲಿಕೆಯ ತೀರ್ಮಾನದಲ್ಲಿ ಅವರಿಗೂ ಪಾಲು ಇರಬೇಕು. ಹಾಗಾಗಿ ನಿಯಮಗಳನ್ನು ನೀವೊಬ್ಬರೇ ಬರೆಯಬೇಡಿ ಮೇಡಂ. ಮೊದಲ ದಿನ ಅವರನ್ನೇ ಕೇಳಿ.

ಕೋಟೆನಾಡು:
ಅವರನ್ನೇ ಕೇಳಿದರೆ "ಹೋಂವರ್ಕ್ ಬೇಡ" ಅನ್ನುತ್ತಾರೆ.

ಮಂಡಿಪೇಟೆ ಗುಮಾಸ್ತ:
ಇಲ್ಲ ರೀ. ದುಡ್ಡು ಕೊಟ್ಟು, ಹೊತ್ತು ಕೊಟ್ಟು ಬಂದಿರುತ್ತೇವೆ. ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಹೋಂವರ್ಕ್ ಜಾಸ್ತಿ ಕೊಡಿ ಅಂತಲೇ ಹೇಳಿದರು. ತಿದ್ದಿ ಕೊಡುವುದಿಲ್ಲ ಅನ್ನುವುದೇ ಎಲ್ಲರ ದೂರು. ಬರೆದ ಪುಸ್ತಕ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ. ಆಮೇಲೆ ಒಂದು ಸಹಿ ಹಾಕಿ ಕೊಡುತ್ತಾರೆ.

ನಿಟ್ಟುವಳ್ಳಿ ಮೇಡಂ:
ಈ ಮಾತು ನನಗೆ ಬೇಕಾಗಿತ್ತು. ಅವರಿಂದ ನಾವು ಏನು ಕೇಳುತ್ತೇವೋ ಅದರ ಎದುರು ನಾವೂ ಏನೋ ಕೊಡಬೇಕು. ಪುಸ್ತಕ ಕೊಟ್ಟ ಮೂರನೇ ದಿನಕ್ಕೆ ತಿದ್ದಿ ವಾಪಸ್ ಕೊಡುತ್ತೇನೆ ಅಂತ ಹಾಳೆಯಲ್ಲೇ ಬರೆಯುತ್ತೇನೆ.

ಭರಮಸಾಗರದ ಮೇಷ್ಟ್ರು:
ನಾನು ನಿವೃತ್ತ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು. ಕನ್ನಡ ಮಾತಾಡಬಾರದು ಅನ್ನುವ ನಿಯಮದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ವಿದ್ಯಾರ್ಥಿಗಳು ಯಾರು ಅಂತ ನೋಡಿ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007-08ರಲ್ಲಿ. ಅದಕ್ಕೂ ಮೊದಲು ಓದಿದವರು ಎಬಿಸಿಡಿ ಬರೆದಿದ್ದೇ ಐದನೇ ತರಗತಿಯಲ್ಲಿ. ಈಗ ಮೂವತ್ತು ದಾಟಿದವರೆಲ್ಲ ಆ ಕಾಲದವರು. ಹತ್ತನೇ ತರಗತಿಯಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದವರು. ಅವರಿಗೆ ಇಂಗ್ಲಿಷ್‌ನಲ್ಲಿ ಮಾತ್ರ ಗ್ರಾಮರ್ ಹೇಳುತ್ತೇನೆ ಅಂದರೆ ಅವರು ಮತ್ತೆ ಬಾಯಿಪಾಠವನ್ನೇ ಮಾಡುತ್ತಾರೆ.

ಎರಡನೆಯದು, ಅವರ ತಪ್ಪುಗಳು ಎಲ್ಲಿಂದ ಬರುತ್ತವೆ? ಹೆಚ್ಚಿನವು ಕನ್ನಡದ ನಡೆಯಿಂದಲೇ ಬರುತ್ತವೆ. ನಾವು "ನನ್ನ ಅಕ್ಕ ನರ್ಸ್" ಅನ್ನುತ್ತೇವೆ. ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಾಗಿಲ್ಲ. ಅದಕ್ಕೇ "ಮೈ ಸಿಸ್ಟರ್ ನರ್ಸ್" ಅಂತ ಬರೆಯುತ್ತಾರೆ. "ಇಸ್" ಕೂಡ ಬಿಟ್ಟುಹೋಗುತ್ತದೆ, "ಎ" ಕೂಡ ಬಿಟ್ಟುಹೋಗುತ್ತದೆ. "ಬಂದನಾ?" ಅಂತ ಕೊನೆಗೆ ಒಂದು ಆ ಸೇರಿಸಿದರೆ ನಮಗೆ ಪ್ರಶ್ನೆ ಆಯಿತು. ಇಂಗ್ಲಿಷ್‌ನಲ್ಲಿ "ಡಿಡ್" ಮುಂದೆ ಬರಬೇಕು, ಆಮೇಲೆ "ಕೇಮ್" ಹೋಗಿ "ಕಮ್" ಆಗಬೇಕು. "ನಿನ್ನೆ ಅವನನ್ನು ನೋಡಿದ್ದೇನೆ" ಅನ್ನುವುದು ಕನ್ನಡದಲ್ಲಿ ಪೂರ್ತಿ ಸರಿ. ಇಂಗ್ಲಿಷ್‌ನಲ್ಲಿ "ಯೆಸ್ಟರ್‌ಡೇ" ಜೊತೆ "ಹ್ಯಾವ್ ಸೀನ್" ಬರುವುದಿಲ್ಲ, "ಸಾ" ಅನ್ನಬೇಕು.

ಇದನ್ನು ಎರಡು ಸಾಲು ಕನ್ನಡದಲ್ಲಿ, ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ದೊಡ್ಡವರಿಗೆ ಥಟ್ಟನೆ ಹೊಳೆಯುತ್ತದೆ. ಅವರಿಗೆ ಒಂದು ಭಾಷೆ ಪೂರ್ತಿ ಬರುತ್ತದೆ. ಅದನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಅಂದರೆ ಅವರ ಅರ್ಧ ಶಕ್ತಿ ಹೋದ ಹಾಗೆ.

ಸ್ಪೋಕನ್ ಸುಧಾ:
ಮೇಷ್ಟ್ರೇ, ನಾನು ಒಪ್ಪುವುದಿಲ್ಲ. ಕನ್ನಡಕ್ಕೆ ಅವಕಾಶ ಕೊಟ್ಟರೆ ಒಂದೂವರೆ ಗಂಟೆಯೂ ಕನ್ನಡದಲ್ಲೇ ಹೋಗುತ್ತದೆ. ನಾನು ವಿದ್ಯಾನಗರದಲ್ಲಿ ಸ್ಪೋಕನ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ದೊಡ್ಡವರಿಗೆ ಇಂಗ್ಲಿಷ್ ಕಿವಿಗೆ ಬೀಳುವ ಜಾಗವೇ ಬೇರೆ ಇಲ್ಲ. ಮನೆಯಲ್ಲಿ ಇಲ್ಲ, ಕೆಲಸದ ಜಾಗದಲ್ಲಿ ಇಲ್ಲ, ಬಸ್ಸಿನಲ್ಲಿ ಇಲ್ಲ. ಇರುವ ಒಂದು ಜಾಗದಲ್ಲೂ ಕನ್ನಡ ತಂದರೆ ಬಾಯಿ ಯಾವಾಗ ತಿರುಗಬೇಕು?

ಭರಮಸಾಗರದ ಮೇಷ್ಟ್ರು:
ಸುಧಾ ಅವರೇ, ನಿಮ್ಮದು ಮಾತಿನ ಕ್ಲಾಸ್. ಇದು ಗ್ರಾಮರ್ ಕ್ಲಾಸ್. ವಿವರಣೆಗೆ ಕನ್ನಡ, ಅಭ್ಯಾಸಕ್ಕೆ ಇಂಗ್ಲಿಷ್. ಹೀಗೆ ಭಾಗ ಮಾಡಬಹುದು ಅಲ್ವಾ?

ಸ್ಪೋಕನ್ ಸುಧಾ:
ಭಾಗ ಮಾಡಿದರೆ ಸರಿ. ಆದರೆ ಆ ಗೆರೆಯನ್ನು ಮೊದಲ ದಿನವೇ ಎಳೆಯಬೇಕು. ವಾಕ್ಯ ಓದುವುದು, ಉತ್ತರ ಹೇಳುವುದು, ಪಕ್ಕದವರ ಹತ್ತಿರ ಪ್ರಶ್ನೆ ಕೇಳುವುದು ಇಂಗ್ಲಿಷ್‌ನಲ್ಲೇ ಇರಬೇಕು. ತಪ್ಪಾದರೂ ಪರವಾಗಿಲ್ಲ. "ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ" ಅನ್ನುವುದನ್ನೂ ಇಂಗ್ಲಿಷ್‌ನಲ್ಲಿ ಹೇಳಲು ಕಲಿಸಿ. ಅದೊಂದು ಬಂದರೆ ಬ್ಯಾಂಕಿನಲ್ಲಿ, ಕಸ್ಟಮರ್ ಕೇರ್ ಫೋನಿನಲ್ಲಿ ಎಲ್ಲ ಕಡೆ ಉಪಯೋಗ ಆಗುತ್ತದೆ.

ಹರಿಹರದ ಸಿಸ್ಟರ್:
ಮೊಬೈಲ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಸ್ಟಾಫ್ ನರ್ಸ್. ಡ್ಯೂಟಿ ಅದಲುಬದಲಾದರೆ ಫೋನ್ ಬರುತ್ತದೆ. ಚಿಕ್ಕ ಮಗು ಮನೆಯಲ್ಲಿದೆ. ಸ್ವಿಚ್ ಆಫ್ ಮಾಡಿ ಅಂದರೆ ನಾನು ಕ್ಲಾಸಿಗೆ ಬರುವುದೇ ಇಲ್ಲ. ವೈಬ್ರೇಟ್‌ನಲ್ಲಿಟ್ಟು, ಬಂದರೆ ಹೊರಗೆ ಹೋಗಿ ಮಾತಾಡುತ್ತೇವೆ. ಅಷ್ಟು ನಂಬಿಕೆ ಇಡಿ.

ಜಗಳೂರು ಖಾಕಿ:
ಸಿಸ್ಟರ್ ಹೇಳಿದ್ದು ಸರಿ. ನಮ್ಮದೂ ಅದೇ ಕಥೆ. ಬಂದೋಬಸ್ತ್ ಬಿದ್ದರೆ ವಾರ ಪೂರ್ತಿ ಕ್ಲಾಸ್ ಇಲ್ಲ. ಶೇ 75 ಹಾಜರಿ ಎಲ್ಲಿಂದ ತರುವುದು? ಬಾರದ ದಿನದ ಪಾಠಕ್ಕೆ ಬದಲಾಗಿ ಬರವಣಿಗೆ ತೆಗೆದುಕೊಳ್ಳಿ. ನಾನು ಠಾಣೆಯಲ್ಲಿ ಕೂತಾದರೂ ಬರೆದು ಕೊಡುತ್ತೇನೆ.

ಒಂದು ಪ್ರಶ್ನೆ, ವಿಷಯಕ್ಕೆ ಹೊರಗಿನದು. ಕೆಎಎಸ್‌ಗೆ ಓದುವವರಿಗೆ ಈ ಗ್ರಾಮರ್ ಸಾಕಾಗುತ್ತದಾ?

ಬಿಎಡ್ ಬಸಣ್ಣ:
ಖಾಕಿ ಅಣ್ಣ, ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಇಂಗ್ಲಿಷ್ ಪತ್ರಿಕೆ 150 ಅಂಕದ್ದು. ಕಡ್ಡಾಯ ಕನ್ನಡವೂ ಅಷ್ಟೇ. ಎರಡರಲ್ಲೂ ಶೇ 35 ಬಂದರೆ ಸಾಕು, ರ‍್ಯಾಂಕ್‌ಗೆ ಸೇರುವುದಿಲ್ಲ. ಆದರೆ ಅದು ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಅಂಕ ಇದ್ದರೂ ಪ್ರಯೋಜನ ಇಲ್ಲ. ಪ್ರಬಂಧ, ಸಾರಾಂಶ ಬರೆಯಬೇಕು. ಬರೀ ಖಾಲಿ ಬಿಟ್ಟ ಸ್ಥಳ ತುಂಬಿದರೆ ಅಲ್ಲಿ ನಡೆಯುವುದಿಲ್ಲ.

ಕೋಟೆನಾಡು:
ನೋಡಿ, ಇದಕ್ಕೇ ನಾನು ಹೇಳಿದ್ದು. ಪರೀಕ್ಷೆ ಮಾಡುವವರು ವಯಸ್ಸು ನೋಡುವುದಿಲ್ಲ. ಹೊರಗೆ ಯಾರೂ ರಿಯಾಯಿತಿ ಕೊಡುವುದಿಲ್ಲ. ಹಾಗಿದ್ದ ಮೇಲೆ ಕ್ಲಾಸಿನಲ್ಲಿ ಯಾಕೆ ಕೊಡಬೇಕು?

ಅಮ್ಮನೂ ಓದುತ್ತಾಳೆ:
ನಾವು ಇಂಗ್ಲಿಷ್‌ನಲ್ಲಿ ರಿಯಾಯಿತಿ ಕೇಳಲೇ ಇಲ್ಲ. ಸಮಯದಲ್ಲಿ ಕೇಳಿದೆವು, ಮರ್ಯಾದೆ ಕೇಳಿದೆವು. ಎರಡನ್ನೂ ಒಂದೇ ಮಾಡಬೇಡಿ.

ನಿಟ್ಟುವಳ್ಳಿ ಮೇಡಂ:
ಅಕ್ಕ, ನನ್ನ ಮನಸ್ಸಿನಲ್ಲಿದ್ದುದನ್ನು ನೀವು ಹೇಳಿದಿರಿ. ಹಾಜರಿ, ಫೋನ್, ತಡ ಇವುಗಳಲ್ಲಿ ಸಡಿಲ ಬಿಡೋಣ. ಬರೆಯುವುದರಲ್ಲಿ, ತಿದ್ದಿ ಮತ್ತೆ ಬರೆಯುವುದರಲ್ಲಿ ಬಿಗಿ ಇರಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡವರಿಂದ ಕಡಿಮೆ ನಿರೀಕ್ಷೆ ಮಾಡುವುದೂ ಅವರಿಗೆ ಮಾಡುವ ಅವಮಾನವೇ. "ನಿಮ್ಮ ವಯಸ್ಸಿಗೆ ಇಷ್ಟು ಸಾಕು" ಅಂತ ಹೇಳುವ ಹಕ್ಕು ನಮಗೆ ಯಾರು ಕೊಟ್ಟರು?

ಈಗ ಇನ್ನೊಂದು ಕೇಳುತ್ತೇನೆ. ತಪ್ಪನ್ನು ಯಾವಾಗ ತಿದ್ದಬೇಕು? ಬಾಯಲ್ಲಿ ಬಂದ ತಕ್ಷಣವಾ, ಪುಸ್ತಕದಲ್ಲಾ?

ಸ್ಪೋಕನ್ ಸುಧಾ:
ಮಾತಾಡುವಾಗ ಮಧ್ಯೆ ತಡೆಯಬೇಡಿ. ಮುಗಿಸಲಿ. ತಡೆದರೆ ಮುಂದಿನ ವಾಕ್ಯ ಬರುವುದೇ ಇಲ್ಲ.

ಹರಿಹರದ ಸಿಸ್ಟರ್:
ನನಗೆ ತಕ್ಷಣ ತಿದ್ದಿದರೇ ಇಷ್ಟ. ಆಮೇಲೆ ಹೇಳಿದರೆ ಯಾವ ವಾಕ್ಯ ಅಂತಲೇ ಮರೆತಿರುತ್ತೇನೆ. ಎಲ್ಲರಿಗೂ ಒಂದೇ ಥರ ಅಂತ ಯಾಕೆ ಅಂದುಕೊಳ್ಳುತ್ತೀರಿ? ಕೇಳಿ ನೋಡಿ.

ಭರಮಸಾಗರದ ಮೇಷ್ಟ್ರು:
ಇದಕ್ಕೆ ನನ್ನ ಅನುಭವ ಹೇಳುತ್ತೇನೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾಗಿದ್ದು. ಶಾಲೆಯ ಇಂಗ್ಲಿಷ್ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ. ನಾನು ಹೋದಾಗ ನಾವೆಲ್ಲ ನಲವತ್ತರ ಆಸುಪಾಸಿನವರು. ನಮ್ಮ ನಮ್ಮ ಶಾಲೆಯಲ್ಲಿ ಬೆತ್ತ ಹಿಡಿದವರು ಅಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಮೇಷ್ಟ್ರಾಗಿ ತಪ್ಪು ಮಾತಾಡಿದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಪಾಠ ಹೇಳುವವರು ಯಾರ ಹೆಸರನ್ನೂ ಹೇಳದೆ, ಆ ದಿನ ಕೇಳಿಬಂದ ತಪ್ಪು ವಾಕ್ಯಗಳನ್ನು ಕೊನೆಯ ಹತ್ತು ನಿಮಿಷ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾವೇ ಗುಂಪಿನಲ್ಲಿ ಚರ್ಚೆ ಮಾಡಿ ತಿದ್ದಬೇಕು. "ಡಿಸ್ಕಸ್ ಅಬೌಟ್" ಅನ್ನುವುದರಲ್ಲಿ "ಅಬೌಟ್" ಬೇಡ ಅಂತ ನನಗೆ ಗೊತ್ತಾಗಿದ್ದು ಹಾಗೆ. ಹೇಳಿದವರಿಗೆ ತಮ್ಮದೇ ಅಂತ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ. ಎರಡನೇ ವಾರದಿಂದ ಎಲ್ಲರೂ ಮಾತಾಡಿದೆವು.

ಜಗಳೂರು ಖಾಕಿ:
ಇದು ಚೆನ್ನಾಗಿದೆ ಸರ್.

ಕೋಟೆನಾಡು:
ಒಪ್ಪಿದೆ ಮೇಷ್ಟ್ರೇ. ಆದರೆ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಬೇಕು. ಎಲ್ಲದಕ್ಕೂ ಫಾರ್ಮುಲಾ ಕೇಳುತ್ತಾರೆ. ಹನ್ನೆರಡು ಟೆನ್ಸಿನ ಚಾರ್ಟ್ ಕೊಡಿ, ಜೆರಾಕ್ಸ್ ಮಾಡಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಚಾರ್ಟ್ ಫೈಲಿನಲ್ಲಿ ಇರುತ್ತದೆ, ವಾಕ್ಯ ಬರುವುದಿಲ್ಲ. ಚಿತ್ರದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಮಗ ಒಂದು ಕೋಚಿಂಗ್‌ಗೆ ಸೇರಿದ್ದ. ಒಂದೇ ತಿಂಗಳಲ್ಲಿ ಇಂಗ್ಲಿಷ್ ಅಂತ ಬೋರ್ಡ್ ಹಾಕಿದ್ದರು. ದುಡ್ಡು ಹೋಯಿತು, ಚಾರ್ಟ್ ಮಾತ್ರ ಉಳಿಯಿತು.

ಮಂಡಿಪೇಟೆ ಗುಮಾಸ್ತ:
ಅದು ನಿಜ. ನಾವೂ ಚಾರ್ಟ್ ಕೇಳುತ್ತೇವೆ. ಯಾಕೆಂದರೆ ಹತ್ತನೇ ತರಗತಿಯಲ್ಲಿ ಹಾಗೇ ಕಲಿತಿದ್ದು. ಬೇರೆ ದಾರಿ ಯಾರೂ ತೋರಿಸಿಲ್ಲ. ನಮ್ಮ ಕೆಲಸದ ವಾಕ್ಯಗಳನ್ನೇ ತೆಗೆದುಕೊಂಡು ಪಾಠ ಮಾಡಿದರೆ ಚಾರ್ಟ್ ಕೇಳುವುದು ತಾನಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ "ರಾಮ ಕಿಲ್ಡ್ ರಾವಣ, ಚೇಂಜ್ ದ ವಾಯ್ಸ್" ಅಂತ ಇರುತ್ತದೆ. ನನ್ನ ದಿನದ ಕೆಲಸದಲ್ಲಿ ಅದು ಎಲ್ಲೂ ಬರುವುದಿಲ್ಲ.

ಹರಿಹರದ ಸಿಸ್ಟರ್:
ಪ್ಯಾಸಿವ್ ವಾಯ್ಸ್ ನನಗಂತೂ ದಿನಾ ಬೇಕು. ಶಿಫ್ಟ್ ಮುಗಿದಾಗ ಬರೆಯುವ ರಿಪೋರ್ಟ್ ಪೂರ್ತಿ ಅದೇ. "ಪೇಷಂಟ್ ವಾಸ್ ಶಿಫ್ಟೆಡ್", "ಇಂಜೆಕ್ಷನ್ ವಾಸ್ ಗಿವನ್ ಅಟ್ ಸಿಕ್ಸ್". ಯಾರು ಕೊಟ್ಟರು ಅನ್ನುವುದಕ್ಕಿಂತ ಕೊಟ್ಟಿದ್ದೇನು, ಎಷ್ಟು ಹೊತ್ತಿಗೆ ಅನ್ನುವುದು ಮುಖ್ಯ. ಹೀಗೆ ಹೇಳಿಕೊಟ್ಟಿದ್ದರೆ ಕಾಲೇಜಿನಲ್ಲೇ ಅರ್ಥ ಆಗುತ್ತಿತ್ತು.

ಸ್ಪೋಕನ್ ಸುಧಾ:
ಸಂಜೆ ಕ್ಲಾಸ್ ಏಳೂವರೆಗೆ ಬಿಟ್ಟ ಮೇಲೆ ಹೆಂಗಸರು ಮನೆಗೆ ಹೋಗುವುದು ಹೇಗೆ ಅಂತ ಯಾರಾದರೂ ಯೋಚಿಸಿದ್ದೀರಾ? ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಈ ಕಾರಣಕ್ಕೇ ಬಿಡುತ್ತಾರೆ.

ಜಗಳೂರು ಖಾಕಿ:
ಊರ ಒಳಗಿನವರಿಗೆ ಆಟೋ ಇದೆ. ಹರಿಹರ, ಜಗಳೂರು, ಭರಮಸಾಗರದ ಕಡೆಯವರಿಗೆ ಕಷ್ಟ. ಐದೂವರೆಗೆ ಶುರು ಮಾಡಿ ಏಳಕ್ಕೆ ಬಿಡಬಹುದಲ್ವಾ ಮೇಡಂ?

ಮಂಡಿಪೇಟೆ ಗುಮಾಸ್ತ:
ಐದೂವರೆ ಅಂದರೆ ನಾನು ಹೋದೆ.

ಹರಿಹರದ ಸಿಸ್ಟರ್:
ಗುಮಾಸ್ತ ಅಣ್ಣ, ಸುಗ್ಗಿ ಮೂರು ತಿಂಗಳು. ನಮಗೆ ಬಸ್ಸು ಹನ್ನೆರಡು ತಿಂಗಳೂ ಬೇಕು.

ನಿಟ್ಟುವಳ್ಳಿ ಮೇಡಂ:
ಸಮಯ ನನ್ನ ಕೈಯಲ್ಲಿಲ್ಲ, ಆದರೆ ಕೇಳುತ್ತೇನೆ. ಏಳೂಕಾಲಿಗೆ ಹೊರಡಬೇಕಾದವರು ಕೇಳದೆಯೇ ಹೊರಡಬಹುದು ಅನ್ನುವುದನ್ನು ಮಾತ್ರ ಈಗಲೇ ಸೇರಿಸುತ್ತೇನೆ. ಕೊನೆಯ ಹದಿನೈದು ನಿಮಿಷ ಹೊಸದೇನೂ ಹೇಳುವುದಿಲ್ಲ. ಮೇಷ್ಟ್ರು ಹೇಳಿದ ಬೋರ್ಡಿನ ಕೆಲಸ ಆಗ ಇರಲಿ. ಅದರ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ಇಷ್ಟೆಲ್ಲ ಓದಿ ಹಳೆಯ ಹಾಳೆ ಪಕ್ಕಕ್ಕಿಟ್ಟೆ. ಹೊಸದರಲ್ಲಿ ಮುಖ್ಯವಾಗಿ ಬರವಣಿಗೆ. ಪ್ರತಿ ಕ್ಲಾಸಿಗೂ ತಮ್ಮ ಕೆಲಸ ಅಥವಾ ಮನೆಯಿಂದ ಐದು ವಾಕ್ಯ ಬರೆದು ತರಬೇಕು. ಇದಕ್ಕೆ ವಿನಾಯಿತಿ ಇಲ್ಲ. ಬರದ ದಿನದ್ದನ್ನೂ ಬರೆದು ಕೊಡಬೇಕು. ನಾನು ತಿದ್ದಿ ಕೊಟ್ಟದ್ದನ್ನು ಅವರು ಮತ್ತೊಮ್ಮೆ ಪೂರ್ತಿ ಬರೆಯಬೇಕು. ತರದೆ ಇದ್ದವರು ನಿಲ್ಲುವುದಿಲ್ಲ, ಅಲ್ಲೇ ಮೊದಲ ಹದಿನೈದು ನಿಮಿಷದಲ್ಲಿ ಕೂತು ಬರೆಯುತ್ತಾರೆ. ಯಾರಾದರೂ ತಪ್ಪು ಹೇಳಿದಾಗ ನಗಬಾರದು. ಇದೂ ನಾನು ಗಟ್ಟಿಯಾಗಿ ಹಿಡಿಯುವ ನಿಯಮ. ನಕ್ಕವರ ಜೊತೆ ಕ್ಲಾಸ್ ಮುಗಿದ ಮೇಲೆ ನಾನೇ ಮಾತಾಡುತ್ತೇನೆ. ಶೇ 75 ಹಾಜರಿ ಸಡಿಲ ಮಾಡುವ ಅಧಿಕಾರ ನನಗಿಲ್ಲ. ಬಂದೋಬಸ್ತ್, ನೈಟ್ ಡ್ಯೂಟಿ ಇರುವವರ ಬಗ್ಗೆ ಪ್ರಿನ್ಸಿಪಾಲರಿಗೆ ಪತ್ರ ಬರೆಯುತ್ತೇನೆ.

ಕೋಟೆನಾಡು:
ಐದು ವಾಕ್ಯಕ್ಕೆ ವಿನಾಯಿತಿ ಇಲ್ಲ ಅಂದಿದ್ದು ಖುಷಿ ಆಯಿತು ಮೇಡಂ. ಅದನ್ನು ಕೊನೆವರೆಗೂ ಬಿಡಬೇಡಿ.

ಅಮ್ಮನೂ ಓದುತ್ತಾಳೆ:
ನಗಬಾರದು ಅನ್ನುವುದನ್ನು ಹಾಳೆಯ ಮೊದಲ ಸಾಲಿಗೆ ತನ್ನಿ.

ಮಂಡಿಪೇಟೆ ಗುಮಾಸ್ತ:
ಮೇಡಂ, ಹಾಗಾದರೆ ಈಗಲೇ ಒಂದು ವಾಕ್ಯ ತಿದ್ದಿಕೊಡಿ. ತಮಿಳುನಾಡಿನ ಕೋಳಿ ಆಹಾರದ ಕಂಪನಿಗೆ ನಾವು ಮೆಕ್ಕೆಜೋಳ ಕಳಿಸುತ್ತೇವೆ. ನಾನು ಇಮೇಲ್‌ನಲ್ಲಿ "ಲೋಡ್ ವಿಲ್ ಸೆಂಡ್ ಟುಮಾರೋ" ಅಂತ ಬರೆಯುತ್ತೇನೆ. ಸರಿಯಿಲ್ಲ ಅಂತ ಅನ್ನಿಸುತ್ತದೆ, ಎಲ್ಲಿ ಅಂತ ತಿಳಿಯುತ್ತಿಲ್ಲ.

ಹರಿಹರದ ಸಿಸ್ಟರ್:
"ವಿಲ್ ಬಿ ಸೆಂಟ್" ಆಗಬೇಕು ಅಣ್ಣ. ಲೋಡ್ ತಾನೇ ಏನನ್ನೂ ಕಳಿಸುವುದಿಲ್ಲ, ಅದನ್ನು ಬೇರೆಯವರು ಕಳಿಸುತ್ತಾರೆ. ಪೇಷಂಟ್ ವಾಸ್ ಶಿಫ್ಟೆಡ್ ಇದ್ದ ಹಾಗೆ.

ಭರಮಸಾಗರದ ಮೇಷ್ಟ್ರು:
ಸರಿಯಾಗಿ ಹೇಳಿದಿರಿ. ತಪ್ಪು ಎಲ್ಲಿಂದ ಬಂತು ನೋಡಿ. ನಾವು "ನಾಳೆ ಲೋಡ್ ಕಳಿಸುತ್ತೇವೆ" ಅನ್ನುತ್ತೇವೆ. "ನಾವು" ಅಂತ ಹೇಳುವುದೇ ಇಲ್ಲ, "ಕಳಿಸುತ್ತೇವೆ" ಅನ್ನುವುದರಲ್ಲೇ ಅದು ಸೇರಿದೆ. ಇಂಗ್ಲಿಷ್‌ನ "ಸೆಂಡ್" ಒಳಗೆ ಯಾರು ಅನ್ನುವುದು ಇಲ್ಲ. ಅದಕ್ಕೆ "ವಿ" ಅಂತ ಮುಂದೆ ಹೇಳಲೇಬೇಕು. "ವಿ ವಿಲ್ ಸೆಂಡ್ ದ ಲೋಡ್ ಟುಮಾರೋ." ಅದು ಬೇಡ ಅಂದರೆ ಸಿಸ್ಟರ್ ಹೇಳಿದ ಹಾಗೆ, "ದ ಲೋಡ್ ವಿಲ್ ಬಿ ಸೆಂಟ್ ಟುಮಾರೋ." ಎರಡೂ ಸರಿ.

ಜಗಳೂರು ಖಾಕಿ:
ಸರ್, "ದ" ಯಾಕೆ? "ಎ ಲೋಡ್" ಅಂದರೆ ಆಗುವುದಿಲ್ಲವಾ?

ಭರಮಸಾಗರದ ಮೇಷ್ಟ್ರು:
ಗುಮಾಸ್ತರೇ, ಯಾವ ಲೋಡ್ ಅಂತ ಆ ಕಂಪನಿಯವರಿಗೆ ಮೊದಲೇ ಗೊತ್ತಿದೆಯಾ?

ಮಂಡಿಪೇಟೆ ಗುಮಾಸ್ತ:
ಗೊತ್ತಿದೆ ಸರ್. ಹಿಂದಿನ ಮೇಲ್‌ನಲ್ಲಿ ಅವರೇ ಆರ್ಡರ್ ಕೊಟ್ಟಿದ್ದಾರೆ.

ಭರಮಸಾಗರದ ಮೇಷ್ಟ್ರು:
ಹಾಗಾದರೆ "ದ" ಇರಲಿ. ಅವರಿಗೆ ಗೊತ್ತಿಲ್ಲದ ಹೊಸ ಲೋಡ್ ಬಗ್ಗೆ ಮೊದಲ ಸಲ ಹೇಳುವಾಗ "ಎ" ಹಾಕಿ.

ಮಂಡಿಪೇಟೆ ಗುಮಾಸ್ತ:
"ದ ಲೋಡ್ ವಿಲ್ ಬಿ ಸೆಂಟ್ ಟುಮಾರೋ." ಬರೆದು ಕಳಿಸಿದೆ. ಇನ್ನು ನಾಲ್ಕು ವಾಕ್ಯ ನಾಳೆ ಹಾಕುತ್ತೇನೆ.